ಬಲ್ಲಾಳರ ಗಾಜಿನಂಥ ಮ್ಯಾಗಝಿನ್

ಬಂಟ್ವಾಳ ಪೇಟೆಯ ಒಂದು ಕೋವಿ ರಿಪೇರಿ ಅಂಗಡಿಯಲ್ಲಿ ನಾನು ಇಪ್ಪತ್ತಾರು ವರ್ಷ ಕೆಲಸ ಮಾಡಿದೆ. ಸೇರುವಾಗ ನನ್ನ ಬಳಿ ಇದ್ದದ್ದು ಅಪ್ಪ ಕಲಿಸಿದ ಕಮ್ಮಾರಿಕೆ ಮತ್ತು ಯಾವ ಕಬ್ಬಿಣವನ್ನಾದರೂ ಬಗ್ಗಿಸುತ್ತೇನೆಂಬ ಸೊಕ್ಕು. ಬಿಡುವಾಗ ಸೊಕ್ಕು ಹೋಗಿತ್ತು, ಎಡಗಿವಿಯೂ ಅರ್ಧ ಹೋಗಿತ್ತು. ಈಗ ಈ ಕೆಲಸಕ್ಕೆ ಬರುವವರು ಐಟಿಐಯಲ್ಲಿ ಕಲಿತು ಬರುತ್ತಾರೆ. ಯಾವ ಪ್ಲಾಸ್ಟಿಕ್ಕಿಗೆ ಎಷ್ಟು ಬಲ ಎಂದು ಪುಸ್ತಕ ನೋಡಿ ಹೇಳುತ್ತಾರೆ. ಒಳ್ಳೆಯದೇ. ನಮಗೆ ಪುಸ್ತಕ ಇರಲಿಲ್ಲ. ಒಂದು ಪ್ಲಾಸ್ಟಿಕ್ಕಿನ ಗುಣ ತಿಳಿಯಬೇಕಾದರೆ ಅದು ಯಾರದಾದರೂ ಕೈಯಲ್ಲಿ ಒಡೆಯಬೇಕಿತ್ತು. ಎಪ್ಪತ್ತರ ದಶಕದ ಕೊನೆಗೆ ಶುರುವಾಗಿ ಎಂಬತ್ತರ ದಶಕದೊಳಗೆ ಎಳೆದುಕೊಂಡು ಹೋದ ಅಂಥ ಒಂದು ಕಲಿಕೆಯನ್ನು ಇಲ್ಲಿ ಬರೆಯುತ್ತಿದ್ದೇನೆ. ಇದರಲ್ಲಿ ನನ್ನ ಜಾಣತನ ಕಡಿಮೆ, ತಪ್ಪು ಹೆಚ್ಚು.

ಅಂಗಡಿಯ ಯಜಮಾನರು ಅಬ್ಬಾಸ್ ಬ್ಯಾರಿ. ನಾನು ಧಣಿ ಎಂದು ಕರೆಯುತ್ತಿದ್ದೆ. ಲೈಸೆನ್ಸು ಅವರ ಹೆಸರಿನಲ್ಲಿ, ಅರ ಹಿಡಿಯುವ ಕೈ ನನ್ನದು. ಬಿಳಿ ಮುಂಡು, ಸೊಂಟಕ್ಕೆ ಅಗಲ ಪಟ್ಟಿ, ಮೂಗಿನ ತುದಿಯಲ್ಲಿ ಕೋಪ. ಗಿರಾಕಿಗಳ ಎದುರು ನನಗೆ ಒಂದು ಮಾತೂ ಅಂದವರಲ್ಲ. ಗಿರಾಕಿ ಮೆಟ್ಟಿಲಿಳಿದು ಹೋದ ಮೇಲೆ ಶುರುಮಾಡುತ್ತಿದ್ದರು. ಬೈಗಳು ಅರ್ಧಕ್ಕೆ ಬಂದಾಗ ಬಾಂಗ್ ಕೇಳಿದರೆ ಅಲ್ಲಿಗೇ ನಿಲ್ಲಿಸಿ ಮಸೀದಿಗೆ ಹೋಗುವರು. ನಮಾಜು ಮುಗಿಸಿ ಬಂದ ಮೇಲೆ ಬಿಟ್ಟಲ್ಲಿಂದ ಮುಂದುವರಿಸಿದ್ದು ನಾನು ಕಂಡಿಲ್ಲ. ಹಾಗಾಗಿ ನನ್ನ ತಪ್ಪುಗಳನ್ನು ಒಪ್ಪಿಕೊಳ್ಳುವ ಕೆಲಸವನ್ನು ಬಾಂಗಿಗೆ ಐದು ನಿಮಿಷ ಮೊದಲಿಗೆ ಇಟ್ಟುಕೊಳ್ಳುತ್ತಿದ್ದೆ. ಹೊಸದಾಗಿ ಕೆಲಸಕ್ಕೆ ಸೇರುವವರು ತಮ್ಮ ಮೇಲಿನವರ ಇಂಥ ಸಮಯಗಳನ್ನು ಮೊದಲ ತಿಂಗಳಲ್ಲೇ ತಿಳಿದುಕೊಳ್ಳುವುದು ಒಳ್ಳೆಯದು.

ಅಂಗಡಿಗೆ ಬರುತ್ತಿದ್ದದ್ದು ಹೆಚ್ಚಾಗಿ ಕೇಪಿನ ಕೋವಿಗಳು, ಎಂದರೆ ನಳಿಗೆಯ ಬಾಯಿಯಿಂದ ಮದ್ದು ತುಂಬಿಸುವ ಹಳೆಯ ಕಾಲದವು. ಮಂಗ, ಹಂದಿ ಓಡಿಸಲು ಇಟ್ಟುಕೊಂಡದ್ದು. ಸೇರಿದ ವರ್ಷವೇ ಅಂಥದ್ದೊಂದು ಬೆಳ್ತಂಗಡಿ ಕಡೆಯಿಂದ ಬಂತು. ಮೈಯೆಲ್ಲ ತುಕ್ಕು. ನಾನು ಮೂರು ದಿನ ತಿಕ್ಕಿ ತಿಕ್ಕಿ ಕನ್ನಡಿಯ ಹಾಗೆ ಮಾಡಿದೆ. ಧಣಿ ಅದನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದರು.

“ಶೀನಾಚಾರಿ, ಇದರ ನಂಬ್ರ ಎಲ್ಲಿ?”

“ಯಾವ ನಂಬ್ರ ಧಣೀ?”

ತುಕ್ಕಿನ ಜತೆಗೆ ಸರಕಾರ ಹೊಡೆದ ನಂಬ್ರವನ್ನೂ ನಾನು ತಿಕ್ಕಿ ತೆಗೆದಿದ್ದೆ. ಧಣಿ ನನ್ನನ್ನು ಕರೆದುಕೊಂಡು ಲೈಸೆನ್ಸಿನ ಕಚೇರಿಗೆ ಹೋದರು. ಅಲ್ಲಿನ ಗುಮಾಸ್ತರು ಕೋವಿಯನ್ನೂ ಲೈಸೆನ್ಸನ್ನೂ ಪಕ್ಕಪಕ್ಕ ಇಟ್ಟು ಹೇಳಿದರು: “ನಂಬ್ರ ಇಲ್ಲದಿದ್ರೆ ಇದು ಈ ಲೈಸೆನ್ಸಿನ ಕೋವಿ ಅಲ್ಲ.”

“ಹಾಗಾದ್ರೆ ಇದು ಎಂತ ಸಾರ್?” ಎಂದೆ ನಾನು.

“ಕೊಳವೆ.”

“ಕೊಳವೆಯಾದ್ರೆ ಮನೆಗೆ ಕೊಂಡುಹೋಗ್ಬಹುದಾ?”

“ಇಲ್ಲ. ಕೊಂಡುಹೋಗುವಾಗ ಅದು ಕೋವಿ.”

ಅದು ಮತ್ತೆ ಕೋವಿಯಾಗಲು ಹನ್ನೊಂದು ಸಲ ಕಚೇರಿಯ ಮೆಟ್ಟಿಲು ಹತ್ತಬೇಕಾಯಿತು. ಅಷ್ಟು ದಿನವೂ ಧಣಿ ನನ್ನನ್ನು ಕೆಲಸದಿಂದ ತೆಗೆಯುತ್ತಾರೆಂದು ಕಾದೆ. ಅವರು ತೆಗೆಯಲಿಲ್ಲ. ಕೇಳಿದ್ದಕ್ಕೆ, “ಇನ್ನೊಬ್ಬ ಬಂದ್ರೆ ಅವನೂ ಇದನ್ನೇ ಮೊದಲಿಂದ ಕಲಿಯಬೇಕಲ್ಲ ಮಾರಾಯ” ಎಂದರು.

ಬಲ್ಲಾಳರು ಮತ್ತು ಅವರ ಹೆಂಡತಿ ಸುನಂದಮ್ಮ ಅಂಗಡಿಗೆ ಬಂದದ್ದು ಇದಾಗಿ ಕೆಲವು ವರ್ಷಗಳ ನಂತರ. ಮೂಡಬಿದ್ರೆಯಿಂದ ವೇಣೂರಿಗೆ ಹೋಗುವ ದಾರಿಯಲ್ಲಿ ಅವರ ಮನೆ. ಜೈನರು. ಬಲ್ಲಾಳರು ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಇರುವೆ ಕಂಡರೆ ಕಾಲೆತ್ತಿ ಪಕ್ಕಕ್ಕೆ ಇಡುವ ಮನುಷ್ಯನಿಗೆ ಗುರಿ ಹೊಡೆಯುವುದೆಂದರೆ ಪ್ರಾಣ. ಚಾರ್ಮಾಡಿ ಕಡೆಯ ಎಸ್ಟೇಟಿನ ದೊರೆಯೊಬ್ಬ ಊರು ಬಿಡುವಾಗ ಅವರ ತಂದೆಗೆ ಕೊಟ್ಟುಹೋದ ಪಾಯಿಂಟ್ ಟೂಟೂ ಎಂಬ ಸಣ್ಣ ಗುಂಡಿನ ರೈಫಲ್ ಅವರ ಹತ್ತಿರ ಇತ್ತು. ಅದರಲ್ಲಿ ಅವರು ಹೊಡೆಯುತ್ತಿದ್ದದ್ದು ತೆಂಗಿನ ಗೆರಟೆಗೆ ಮಾತ್ರ. ಮನೆಯ ಹಿಂದಿನ ಮಣ್ಣಿನ ದರೆಯ ಬುಡದಲ್ಲಿ ಸಾಲಾಗಿ ಗೆರಟೆ ಕವುಚಿಡುವುದು, ಐದು ತೋಟೆ ಹಾಕುವುದು, ಐದು ಹೊಡೆಯುವುದು. ಸೂರ್ಯ ಮುಳುಗುವುದರೊಳಗೆ ಊಟ ಮಾಡಬೇಕಾದ್ದರಿಂದ ಸಂಜೆ ಐದೂವರೆಗೆ ಯುದ್ಧ ಮುಕ್ತಾಯ.

ಅಂದು ಅಂಗಡಿಯ ಬೆಂಚಿನಲ್ಲಿ ಬಲ್ಲಾಳರು ತಲೆ ತಗ್ಗಿಸಿ ಕುಳಿತಿದ್ದರು. ಮಾತಾಡಿದ್ದು ಸುನಂದಮ್ಮ.

“ಮೊನ್ನೆ ಇವರು ಕೋವಿ ಹಿಡ್ಕೊಂಡು ಅಡುಗೆಮನೆಗೆ ಬಂದ್ರು. ಖಾಲಿ ಅಂತ ಹೇಳಿದ್ರು. ಸ್ಪ್ರಿಂಗಿಗೆ ಆಯಾಸ ಆಗ್ಬಾರ್ದು ಅಂತ ಬೆರಳು ಹಾಕಿ ಕುದುರೆ ಎಳೆದ್ರು. ಉಪ್ಪಿನಕಾಯಿ ಭರಣಿ ಎರಡು ತುಂಡು. ಈ ವರ್ಷದ ಮಿಡಿ ಪೂರ ನೆಲಕ್ಕೆ. ನಾನು ಇಷ್ಟು ದೂರದಲ್ಲಿ.” ಅವರು ಗೇಣು ಅಳತೆ ತೋರಿಸಿದರು.

“ಐದು ಅಂತ ಲೆಕ್ಕ ಮಾಡಿದ್ದೆ,” ಎಂದರು ಬಲ್ಲಾಳರು ಮೆಲ್ಲಗೆ. “ನಾಲ್ಕೇ ಆಗಿತ್ತು.”

“ಮೂವತ್ತು ವರ್ಷ ಗಣಿತ ಕಲಿಸಿದವರು,” ಎಂದರು ಸುನಂದಮ್ಮ ಧಣಿಯ ಕಡೆ ನೋಡಿ. “ಕೋವಿ ಮಾರಿ ಅಂತ ನಾನು ಹೇಳುವುದಿಲ್ಲ. ಅದಿಲ್ಲದಿದ್ರೆ ಇವರು ದಿನವಿಡೀ ನನಗೆ ಅಡುಗೆ ಕಲಿಸ್ಲಿಕ್ಕೆ ಬರ್ತಾರೆ. ಒಳಗೆ ಎಷ್ಟುಂಟು ಅಂತ ಹೊರಗಿಂದಲೇ ಕಾಣುವ ಹಾಗೆ ಮಾಡಿಕೊಡಿ.”

ಧಣಿ ಹೇಳಿದರು: “ಬೋಲ್ಟು ಎಳೆದು ನೋಡಿದ್ರೆ ಆಯ್ತಲ್ಲ ಅಕ್ಕ?”

“ನೋಡುವವರಾಗಿದ್ರೆ ನಾನು ಬಸ್ಸು ಹತ್ತಿ ಬರ್ತಿದ್ದೆನಾ?”

ಬೋಲ್ಟು ಎಂದರೆ ನಳಿಗೆಯ ಬುಡವನ್ನು ಮುಚ್ಚಿ ತೆರೆಯುವ ಉಕ್ಕಿನ ಅಗುಳಿ. ತೋಟೆಗಳನ್ನು ಒಂದರ ಮೇಲೊಂದು ಇಟ್ಟು ರೈಫಲಿನ ಹೊಟ್ಟೆಗೆ ಕೆಳಗಿನಿಂದ ಸಿಕ್ಕಿಸುವ ಸಣ್ಣ ಪೆಟ್ಟಿಗೆಯೇ ಮ್ಯಾಗಝಿನ್. ಬಲ್ಲಾಳರದ್ದು ಉಕ್ಕಿನದು. ಅದರ ಅಂಚು ಹೇಗೂ ಸವೆದಿತ್ತು, ಬದಲಿ ಬೇಕೇ ಬೇಕಿತ್ತು. ಹೊರದೇಶದ ಸಾಮಾನು ತರಿಸುವಂತಿರಲಿಲ್ಲ. ಧಣಿ ಮದರಾಸಿನ ಒಂದು ಕಂಪೆನಿಗೆ “ದಯವಿಟ್ಟು ಒಂದು ಮ್ಯಾಗಝಿನ್ ಕಳಿಸಿ” ಎಂದು ಇಂಗ್ಲಿಷಿನಲ್ಲಿ ಕಾಗದ ಬರೆಸಿದರು. ಮೂರು ವಾರದ ಮೇಲೆ ಅಂಚೆಯಲ್ಲಿ ದಪ್ಪ ಲಕೋಟೆ ಬಂತು. ಒಳಗೆ ಬಣ್ಣದ ಚಿತ್ರಗಳಿದ್ದ ಒಂದು ಪುಸ್ತಕ. ಧಣಿ ಅದನ್ನು ಮೊದಲಿಂದ ಕೊನೆಯವರೆಗೆ ಮಗುಚಿ ಹೇಳಿದರು, “ಕೊಟ್ಟದ್ದು ತಪ್ಪಲ್ಲ. ಕೇಳಿದ್ದೇ ಇದು.”

ಆಚೆ ಬದಿ ಕಾಣುವ ಪ್ಲಾಸ್ಟಿಕ್ಕಿನಲ್ಲಿ ನಾನೇ ಒಂದು ಮಾಡುತ್ತೇನೆ ಎಂದೆ. ಕೊನೆಗೆ ಧಣಿ ಕಚೇರಿಗೇ ಹೋಗಿ ವಿಚಾರಿಸಿದರು. ಹಾಳಾದ ಭಾಗವನ್ನು ಸರಿಮಾಡುವುದು ರಿಪೇರಿ, ಯಾವ ವಸ್ತುವಿನಿಂದ ಎಂದು ಪುಸ್ತಕದಲ್ಲಿ ಬರೆದಿಲ್ಲ ಎಂಬ ಉತ್ತರ ಬಂತು. ಅದನ್ನು ಕಾಗದದಲ್ಲಿ ಬರೆಸಿಕೊಂಡು ಬಂದು ಮೇಜಿನ ಡ್ರಾಯರಿನಲ್ಲಿ ಇಟ್ಟು ಬೀಗ ಹಾಕಿದರು. ಆಮೇಲೆ ನನಗೆ ಹೇಳಿದರು, “ಮಾಡು. ಆದ್ರೆ ನನ್ನ ಅಭಿಪ್ರಾಯ ಕೇಳ್ಬೇಡ. ಪ್ಲಾಸ್ಟಿಕ್ ಅಂದ್ರೆ ಬಾಲ್ದಿ ಮಾಡ್ಲಿಕ್ಕೆ ಇರುವಂಥದ್ದು.”

ಫರಂಗಿಪೇಟೆಯಲ್ಲಿ ಅಂಗಡಿಗಳ ಬೋರ್ಡು ಮಾಡುವವರೊಬ್ಬರ ಹತ್ತಿರ ಗಾಜಿನಂಥ ಅಕ್ರಿಲಿಕ್ ಪ್ಲಾಸ್ಟಿಕ್ಕಿನ ತುಂಡುಗಳು ಸಿಕ್ಕಿದವು. ಅದರಲ್ಲಿ ನಾನು ಮಾಡಿದ ಮೊದಲ ಮ್ಯಾಗಝಿನ್ನಿನಷ್ಟು ಚಂದದ ವಸ್ತುವನ್ನು ನಾನು ಮತ್ತೆ ಮಾಡಿಲ್ಲ. ಬೆಳಕಿಗೆ ಹಿಡಿದರೆ ನೀರನ್ನು ಕೊರೆದು ಪೆಟ್ಟಿಗೆ ಮಾಡಿದ ಹಾಗೆ. ಅಭಿಪ್ರಾಯ ಕೇಳಬೇಡ ಎಂದ ಧಣಿಯೇ ಎರಡು ಸಲ ಎತ್ತಿ ನೋಡಿದರು. ಇನ್ನಷ್ಟು ಹೊಳೆಯಲಿ ಎಂದು ಸಂಜೆ ಬಾಗಿಲು ಹಾಕುವ ಮೊದಲು ನಾನು ಅದನ್ನು ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿಟ್ಟೆ. ಬೆಳಿಗ್ಗೆ ಬಂದು ನೋಡುವಾಗ ಒಳಗೆಲ್ಲ ಜೇಡರ ಬಲೆಯಂಥ ಸಣ್ಣ ಸಣ್ಣ ಬಿರುಕು. ಕೈಯಲ್ಲಿ ಹಿಡಿದಾಗ ಅಂಚು ಪುಡಿಯಾಗಿ ಉದುರಿತು. ಮಧ್ಯಾಹ್ನದ ಬಾಂಗಿಗೆ ಐದು ನಿಮಿಷ ಇರುವಾಗ ಒಪ್ಪಿಕೊಂಡೆ.

ಎರಡನೆಯದನ್ನು ಬರಿಯ ಸೋಪಿನ ನೀರಿನಲ್ಲಿ ತೊಳೆದು ಕೊಟ್ಟೆ. ಬಲ್ಲಾಳರು ಹದಿನೈದು ದಿನದಲ್ಲಿ ವಾಪಸು ಬಂದರು. ಜೇಬಿನಿಂದ ಒಂದು ಕಾಗದದ ಪೊಟ್ಟಣ ತೆಗೆದು ಬಿಚ್ಚಿದರು. ಒಳಗೆ ಮೂರು ತುಂಡು.

“ಮುರಕಲ್ಲಿನ ಮೆಟ್ಟಿಲ ಮೇಲೆ ಬಿತ್ತು,” ಎಂದರು, ಬೆಕ್ಕು ಸತ್ತ ಸುದ್ದಿ ಹೇಳುವವರ ಹಾಗೆ.

ಇಲ್ಲಿಗೆ ಬಿಡುವ ಎಂದು ಧಣಿ ಹೇಳುವುದರಲ್ಲಿದ್ದರು. ಅಷ್ಟರಲ್ಲಿ ಗಲ್ಫಿನಿಂದ ಅವರ ಬಾವ ರಜೆಯಲ್ಲಿ ಬಂದ. ಅಲ್ಲಿ ಅವನು ಕೆಲಸ ಮಾಡುವ ಕಾರ್ಖಾನೆಯಲ್ಲಿ ಯಂತ್ರಕ್ಕೆ ಮುಚ್ಚಿಡುವ ಗಾಜಿನಂಥ ಒಂದು ಹೊದಿಕೆ ಇತ್ತಂತೆ. ಬದಲಾಯಿಸುವಾಗ ಹಳೆಯದನ್ನು ಕೇಳಿ ತಂದಿದ್ದ. ನೋಡಲಿಕ್ಕೆ ನನ್ನ ಅಕ್ರಿಲಿಕ್ಕಿನ ಹಾಗೆಯೇ. ನಾನು ಆಸೆ ಬಿಟ್ಟು ಅಡಿಗಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಒಂದು ಕೊಟ್ಟೆ. ಸುತ್ತಿಗೆ ಹಾರಿ ಹಿಂದಕ್ಕೆ ಬಂತು. ಧಣಿ ನನ್ನ ಕೈಯಿಂದ ಸುತ್ತಿಗೆ ಕಿತ್ತುಕೊಂಡು ತಾವೊಂದು ಕೊಟ್ಟರು. ಏನೂ ಆಗಲಿಲ್ಲ. ಇನ್ನೊಂದು ಕೊಟ್ಟರು. ಮೂರನೆಯದಕ್ಕೆ ಹೆಗಲ ಮೇಲಿನ ಬೈರಾಸು ಸೊಂಟಕ್ಕೆ ಕಟ್ಟಿಕೊಂಡರು. ಕೊನೆಗೆ ಬೆವರು ಒರೆಸುತ್ತ, “ಇದು ಬೇರೆ ಜಾತಿ” ಎಂದರು. ಅದರ ಹೆಸರು ಪಾಲಿಕಾರ್ಬೊನೇಟ್ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ. ಅಂದಿಗೆ ನಮಗದು ಬಾವನ ಗಾಜು.

ಬಾವನ ಗಾಜಿನ ಮ್ಯಾಗಝಿನ್ ಕೊಟ್ಟ ಮೇಲೆ ಬಲ್ಲಾಳರು ಹೊಸ ಮನುಷ್ಯರಾದರು. ಖಾಲಿ ಮ್ಯಾಗಝಿನ್ನನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಮದುವೆಗೆ ಹೋದರು, ಬ್ಯಾಂಕಿಗೆ ಹೋದರು, ಉಜಿರೆಯ ಬಸ್ಸಿನಲ್ಲಿ ಪಕ್ಕದವರಿಗೆ ತೋರಿಸಿದರು. “ಕಾಣ್ತದಾ? ಕಾಣ್ತದಲ್ಲ?” ಎಂದು ಕೇಳುವುದು. ಏನು ಕಾಣಬೇಕೆಂದು ನೋಡಿದವರಿಗೆ ಗೊತ್ತಾಗುತ್ತಿರಲಿಲ್ಲ. ಆದರೂ ಕಾಣುತ್ತದೆ ಎನ್ನುತ್ತಿದ್ದರು. ಮನೆಯಲ್ಲಿ ಅದನ್ನು ಕಿಟಕಿಯ ದಂಡೆಯ ಮೇಲೆ ಬಿಸಿಲಿಗೆ ಹೊಳೆಯುವಂತೆ ಇಡುತ್ತಿದ್ದರು.

ಆ ಬಿಸಿಲೇ ಅದಕ್ಕೆ ಹಗೆಯಾಯಿತು. ವರ್ಷ ಕಳೆಯುವಾಗ ಅರಸಿನ ಮುಂಡಿಗೆ ಬಂದವರ ಕಣ್ಣಿನ ಹಾಗೆ ಹಳದಿಯಾಗಿತ್ತು. ತೋಟೆ ಹಿಡಿಯುವ ಅಂಚಿನಲ್ಲಿ ಕೂದಲಿನಂಥ ಬಿರುಕು. ಗಟ್ಟಿ ವಸ್ತುವೇ, ಸುತ್ತಿಗೆಗೆ ಸೋಲದ್ದು. ಆದರೆ ಬೆಳಕು ಒಳಗೆ ಹಾದುಹೋಗಲಿ ಎಂದು ಮಾಡಿದ ವಸ್ತುವಿನ ಒಳಗೆ ಬೆಳಕು ಹಾದುಹೋಗಿ ತನ್ನ ಕೆಲಸ ಮಾಡಿಯೇ ಮಾಡುತ್ತದೆ. ಮಸಿ ಬೆರೆಸಿದ ಕಪ್ಪು ಪ್ಲಾಸ್ಟಿಕ್ಕಿನಲ್ಲಿ ಬಿಸಿಲು ಚರ್ಮದಲ್ಲೇ ನಿಲ್ಲುತ್ತದೆ. ನಾನು ಅದೇ ಹೊದಿಕೆಯ ಉಳಿದ ತುಂಡಿನಿಂದ ಇನ್ನೊಂದು ಮಾಡಿಕೊಟ್ಟು, ಇದನ್ನು ಪೆಟ್ಟಿಗೆಯಲ್ಲಿಡಿ ಎಂದೆ. ಬಲ್ಲಾಳರಿಗೆ ಅದು ಹಿಡಿಸಲಿಲ್ಲ. ಪೆಟ್ಟಿಗೆಯೊಳಗಿದ್ದರೆ ಕಾಣುವುದು ಹೇಗೆ?

ಅಷ್ಟರಲ್ಲಿ ಚುನಾವಣೆ ಬಂತು. ಚುನಾವಣೆ ಎಂದರೆ ಊರಿನ ಲೈಸೆನ್ಸು ಕೋವಿಗಳೆಲ್ಲ ಪೊಲೀಸು ಠಾಣೆಯಲ್ಲಿ ಜಮೆಯಾಗಬೇಕು. ಎಣ್ಣೆ ಹಾಕಿ ಚೀಟಿ ಕಟ್ಟಲು ಠಾಣೆಯವರು ನನ್ನನ್ನು ಕರೆಸುತ್ತಿದ್ದರು. ಇದು ಯಾವ ಠಾಣೆ ಎಂದು ನಾನು ಹೇಳುವುದಿಲ್ಲ. ನಮ್ಮ ಸುತ್ತಿನದ್ದೇ ಒಂದು. ಹಿಂದಿನ ಕೋಣೆಯಲ್ಲಿ ಕೇಪಿನ ಕೋವಿಗಳನ್ನು ಕಬ್ಬಿನ ಜಲ್ಲೆಯ ಹಾಗೆ ಒರಗಿಸಿದ್ದರು. ಮುಂದಿನ ಕೋಣೆಯಲ್ಲಿ ರೈಟರು ರಿಜಿಸ್ಟರು ತೆರೆದು ಕುಳಿತಿದ್ದರು. ಅವರ ತಲೆಯ ಮೇಲೆ ಗೋಡೆಯ ಮೊಳೆಯಲ್ಲಿ ಎಸ್‌ಐ ಸಾಹೇಬರ ಟೊಪ್ಪಿ ನೇತಾಡುತ್ತಿತ್ತು. ಸಾಹೇಬರು ಪಕ್ಕದ ಕುರ್ಚಿಯಲ್ಲಿ ಕುಳಿತು ಚಹಾ ಕುಡಿಯುತ್ತಿದ್ದರು.

ಬಲ್ಲಾಳರು ರೈಫಲ್ ತಂದರು. ಮ್ಯಾಗಝಿನ್ ಕಂಡು ಠಾಣೆಯಲ್ಲಿದ್ದವರೆಲ್ಲ ಸುತ್ತ ಸೇರಿದರು. ಹೆಡ್ ಕಾನ್‌ಸ್ಟೇಬಲರು ರೈಫಲ್ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು.

“ಒಳಗೆ ಎಂತದೂ ಇಲ್ಲ. ಆಚೆ ಬದಿ ಕಾಣ್ತದೆ!”

“ಅದೇ ಅದರ ವಿಶೇಷ,” ಎಂದರು ಬಲ್ಲಾಳರು.

ಹೆಡ್ಡರು ನನ್ನ ಕಡೆ ತಿರುಗಿದರು. “ಖಾಲಿ ಉಂಟಲ್ಲ ಆಚಾರಿ?”

ನಾನು ಬಗ್ಗಿ ನೋಡಿದೆ. ಮ್ಯಾಗಝಿನ್ನಿನ ಆಚೆ ಕಡೆ ಹೆಡ್ಡರ ಅಂಗಿಯ ಗುಂಡಿ ಸ್ಪಷ್ಟವಾಗಿ ಕಾಣುತ್ತಿತ್ತು. “ಖಾಲಿ ಉಂಟು ಸಾರ್,” ಎಂದೆ.

ಇಪ್ಪತ್ತಾರು ವರ್ಷದಲ್ಲಿ ನಾನು ಆಡಿದ ಅತಿ ಕೆಟ್ಟ ಮಾತು ಅದು. ಬೋಲ್ಟು ಎಳೆದು ನೋಡುವುದು ನನ್ನ ಕೆಲಸವಾಗಿತ್ತು. ಹೆಡ್ಡರು ಸ್ಪ್ರಿಂಗು ಸಡಿಲಿಸಲು ಕುದುರೆ ಎಳೆದರು. ಗುಂಡು ರೈಟರ ತಲೆಗೆ ಒಂದು ಮೊಳ ಮೇಲಿನಿಂದ ಹೋಗಿ ಸಾಹೇಬರ ಟೊಪ್ಪಿಯನ್ನು ತೂತು ಮಾಡಿ ಗೋಡೆಗೆ ಬಡಿಯಿತು. ಟೊಪ್ಪಿ ಮೊಳೆಯಲ್ಲೇ ಒಂದು ಸುತ್ತು ತಿರುಗಿ ನಿಂತಿತು. ಗೋಡೆಯ ಸುಣ್ಣ ರೈಟರ ತಲೆಯ ಮೇಲೆ ಉದುರಿ ಅವರು ಒಮ್ಮೆಲೇ ಮುದುಕರಾದ ಹಾಗೆ ಕಂಡರು. ಸಾಹೇಬರ ಚಹಾ ಅವರ ಮಡಿಲಲ್ಲಿತ್ತು.

ಆದದ್ದಿಷ್ಟು. ಹಿಂದಿನ ಸಂಜೆ ಬಲ್ಲಾಳರು ನಾಲ್ಕು ಹೊಡೆದು ಐದನೆಯದಕ್ಕೆ ಬೋಲ್ಟು ತಳ್ಳಿದ್ದರು. ಕೊನೆಯ ತೋಟೆ ಮ್ಯಾಗಝಿನ್ ಬಿಟ್ಟು ನಳಿಗೆಯೊಳಗೆ ಹೋಗಿ ಕುಳಿತಿತ್ತು. ಅಷ್ಟರಲ್ಲಿ ಸುನಂದಮ್ಮ ಒಳಗಿನಿಂದ, “ಸೂರ್ಯ ಇಳೀತಾ ಉಂಟು, ಊಟಕ್ಕೆ ಬನ್ನಿ” ಎಂದು ಕರೆದಿದ್ದರು. ಬಲ್ಲಾಳರು ಮ್ಯಾಗಝಿನ್ ನೋಡಿದರು. ಖಾಲಿ ಕಂಡಿತು. ನೆಮ್ಮದಿಯಿಂದ ಕೈ ತೊಳೆದು ಎಲೆಯ ಮುಂದೆ ಕುಳಿತರು.

ನಾನು ಠಾಣೆಯ ಹಿಂದೆ ಹೋಗಿ ಬಾವಿಕಟ್ಟೆಯ ಮೇಲೆ ಕುಳಿತೆ. ರೈಟರಿಗೆ ಮೂವರು ಮಕ್ಕಳು. ಅವರು ಎತ್ತರದ ಮನುಷ್ಯರಾಗಿದ್ದರೆ? ಆ ಹೊತ್ತಿಗೆ ಎದ್ದು ನಿಂತಿದ್ದರೆ? ಪಾಯಿಂಟ್ ಟೂಟೂ ಎಂದು ನಗಾಡುವವರಿದ್ದಾರೆ. ಸುಣ್ಣ ಉದುರಿದ ಆ ತಲೆ ನನಗೆ ಇಂದಿಗೂ ಕಣ್ಣಿಗೆ ಕಟ್ಟುತ್ತದೆ.

ಸಾಹೇಬರು ಧಣಿಯನ್ನು ಕರೆಸಿದರು. ಲೈಸೆನ್ಸು ಹೋಯಿತೆಂದೇ ನಾವು ತಿಳಿದೆವು. ಧಣಿ ಡ್ರಾಯರಿನ ಆ ಕಾಗದವನ್ನೂ ತಂದಿದ್ದರು, ಆದರೆ ಹೊರಗೆ ತೆಗೆಯಲಿಲ್ಲ. “ಸಾರ್, ನನ್ನ ಅಂಗಡಿಯ ಕೆಲಸ. ತಪ್ಪು ನನ್ನದು” ಎಂದು ನಿಂತರು. ನಾನು, “ಇಲ್ಲ ಸಾರ್, ಖಾಲಿ ಅಂತ ಹೇಳಿದ್ದು ನಾನು” ಎಂದೆ. ಬಲ್ಲಾಳರು, “ತೋಟೆ ಬಿಟ್ಟದ್ದು ನಾನು” ಎಂದರು. ಹೆಡ್ಡರು ಮಾತ್ರ ಕಿಟಕಿಯ ಹೊರಗೆ ನೋಡುತ್ತಿದ್ದರು.

ಸಾಹೇಬರು ಬಿಳಿ ಕಾಗದ ಎಳೆದು ಬರೆಯಲು ಕುಳಿತರು. ಒಂದು ಸಾಲು ಬರೆದು ಹೊಡೆದುಹಾಕಿದರು. ಇನ್ನೊಂದು ಬರೆದರು, ಅದನ್ನೂ ಹೊಡೆದರು. ಠಾಣೆಯೊಳಗೆ, ಠಾಣೆಯ ಹೆಡ್ಡನ ಕೈಯಿಂದ, ಠಾಣೆಯ ಅಧಿಕಾರಿಯ ಟೊಪ್ಪಿಗೆ ಗುಂಡು ಬಿದ್ದದ್ದನ್ನು ಮೇಲಿನವರಿಗೆ ಹೇಗೆ ಬರೆಯುವುದು? ನಾಲ್ಕನೆಯ ಕಾಗದ ಹರಿದ ಮೇಲೆ ರೈಟರು ಮೆಲ್ಲಗೆ ಕೆಮ್ಮಿದರು.

“ಸಾರ್, ಇಲಿ ಕಡಿದದ್ದು ಅಂತ ಬರೆದ್ರೆ?”

“ಎರಡು ಬದಿ ತೂತು ಉಂಟು.”

“ಒಳಗೆ ಹೋಗಿ ಹೊರಗೆ ಬಂದಿರ್ಬಹುದು ಸಾರ್.”

ಹೊಸ ಟೊಪ್ಪಿ ಬಂತು. ಧಣಿಯ ಲೈಸೆನ್ಸು ಉಳಿಯಿತು. ಆದರೆ ಸಾಹೇಬರು ನಮಗೆ ಬಾಯಿಮಾತಿನಲ್ಲಿ ಒಂದು ಆಜ್ಞೆ ಕೊಟ್ಟರು: “ಇನ್ನು ಮೇಲೆ ಕಾಣುವಂಥದ್ದು ಬೇಡ. ಕಾಣದಿದ್ರೆ ಜನ ಆದ್ರೂ ಹೆದರ್ತಾರೆ.”

ಅಂಗಡಿಗೆ ಮರಳುವ ದಾರಿಯಲ್ಲಿ ಧಣಿ ನನಗಿಂತ ಮುಂದೆ ನಡೆದರು. ಬಾಂಗಿಗೆ ಇನ್ನೂ ಎರಡು ಗಂಟೆ ಇತ್ತು. ನಾನೇ ಕೇಳಿದೆ, “ಬೈಯುವುದಿಲ್ಲವಾ ಧಣೀ?” ಅವರು, “ಇಂದು ನಿನ್ನ ಮುಖ ನೋಡಿದ್ರೆ ಬೈಗಳು ದಂಡ” ಎಂದರು.

ಸುನಂದಮ್ಮನಿಗೆ ಸುದ್ದಿ ಬಸ್ಸಿನ ಕಂಡಕ್ಟರನಿಂದ ಮುಟ್ಟಿತು. ಮಾರನೆಯ ದಿನ ಒಬ್ಬರೇ ಅಂಗಡಿಗೆ ಬಂದರು. ಬೆಂಚಿನಲ್ಲಿ ಕುಳಿತು ಸ್ವಲ್ಪ ನೀರು ಕುಡಿದರು.

“ಕಾಣುವ ಹಾಗೆ ಮಾಡಿ ಅಂತ ಹೇಳಿದ್ದು ನಾನೇ. ನಿನ್ನೊಬ್ಬನ ತಪ್ಪಲ್ಲ ಶೀನಾಚಾರಿ. ಆ ಕೊನೆಯ ತೋಟೆ ಎಲ್ಲಿ ಕೂತಿರ್ತದೆ? ನನಗೆ ತೋರಿಸು.”

ರಿಪೇರಿಗೆ ಬಂದಿದ್ದ ಬೇರೊಂದು ರೈಫಲ್ ತೆಗೆದು, ಬೋಲ್ಟು ಎಳೆದು, ನಳಿಗೆಯ ಬುಡದ ಆ ಸಣ್ಣ ಗೂಡನ್ನು ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ನೋಡಿದರು. ಆಮೇಲೆ ಕಿರುಬೆರಳ ತುದಿಯಿಂದ ಮುಟ್ಟಿ ನೋಡಿದರು. “ಇಷ್ಟೇಯಾ?” ಎಂದರು. “ಇದಕ್ಕೆ ಗಾಜು ಎಂತಕ್ಕೆ? ಕಣ್ಣು ಸಾಕಲ್ಲ” ಎಂದು ಎದ್ದು ಹೋದರು.

ಆಮೇಲೆ ಕಪ್ಪು ಪ್ಲಾಸ್ಟಿಕ್ಕಿನ ಸರದಿ. ಬೆಳ್ತಂಗಡಿಯ ಒಂದು ಬಸ್ಸು ಗ್ಯಾರೇಜಿನಲ್ಲಿ ಬುಷ್ ಎಂಬ ಬಳೆಯಂಥ ಭಾಗ ಮಾಡಲು ಬಳಸುವ ಕಪ್ಪು ನೈಲಾನ್ ದಿಮ್ಮಿ ಸಿಕ್ಕಿತು. ಅದರಿಂದ ಕಡೆದ ಮ್ಯಾಗಝಿನ್ ಎಮ್ಮೆಯ ಕೊಂಬಿನ ಹಾಗಿತ್ತು. ಬೀಳಿಸಿದೆ, ತುಳಿದೆ, ಪೆಟ್ರೋಲಿನಲ್ಲಿ ಮುಳುಗಿಸಿದೆ, ಒಂದು ತಿಂಗಳು ಹೆಂಚಿನ ಮೇಲೆ ಬಿಸಿಲಿಗಿಟ್ಟೆ. ಏನೂ ಆಗಲಿಲ್ಲ. ಧಣಿಗೆ ಇಷ್ಟವಾಯಿತು. “ಪ್ಲಾಸ್ಟಿಕ್ ಆದ್ರೂ ಮರ್ಯಾದೆ ಉಂಟು” ಎಂದರು. ಎಪ್ರಿಲಿನಲ್ಲಿ ಬಲ್ಲಾಳರ ರೈಫಲಿಗೆ ಅಳತೆ ನೋಡಿ ಕೂರಿಸಿದೆ. ಎಳೆ ಹಾಕುವಷ್ಟೂ ಸಂದು ಇರಲಿಲ್ಲ. ನನ್ನ ಕೆಲಸದ ಮೇಲೆ ನನಗೆ ಮತ್ತೆ ಹೆಮ್ಮೆ ಹುಟ್ಟಿತು.

ಜೂನ್ ಕೊನೆಗೆ ಬಲ್ಲಾಳರು ಒದ್ದೆ ಕೊಡೆಯೊಂದಿಗೆ ಅಂಗಡಿಯ ಬಾಗಿಲಲ್ಲಿ ನಿಂತಿದ್ದರು.

“ಬರುವುದಿಲ್ಲ,” ಎಂದರು.

“ಯಾರು ಬರುವುದಿಲ್ಲ?”

“ಮ್ಯಾಗಝಿನ್. ಹೋದದ್ದು ಹೊರಗೆ ಬರುವುದಿಲ್ಲ.”

ನೈಲಾನ್ ನೀರು ಕುಡಿಯುತ್ತದೆ. ಮಳೆಗಾಲದ ಗಾಳಿಯಿಂದಲೇ ಕುಡಿದು ಉಬ್ಬುತ್ತದೆ. ಬಿರುಕು ಬಿಡುವ ಸ್ವಭಾವ ಅದಕ್ಕಿಲ್ಲ. ಅವಲಕ್ಕಿಯ ಹಾಗೆ ಬೀಗುವ ಸ್ವಭಾವ ಉಂಟು. ಇದು ನನಗೆ ಗೊತ್ತಿರಲಿಲ್ಲ. ಮರದ ಕೊಡತಿಯಿಂದ ತಟ್ಟಿ ತಟ್ಟಿ ಹೊರಗೆ ತೆಗೆಯಲು ಒಂದು ಮಧ್ಯಾಹ್ನ ಬೇಕಾಯಿತು. ಅರ ಹಾಕಿ ಮೈ ತೆಳ್ಳಗೆ ಮಾಡಿದೆ. ಮಳೆಗಾಲವಿಡೀ ಸರಿಯಾಗಿ ಕುಳಿತಿತು. ಬೇಸಗೆ ಬಂದಾಗ ಅದು ಕುಡಿದದ್ದನ್ನೆಲ್ಲ ಬಿಟ್ಟು ಬಡಕಲಾಗುತ್ತದೆ ಎಂಬುದನ್ನು ಮಾತ್ರ ನಾನು ಯೋಚಿಸಲಿಲ್ಲ.

ಆ ಬೇಸಗೆಯಲ್ಲಿ ಮೂಡಬಿದ್ರೆಯ ಹತ್ತಿರ ಲೈಸೆನ್ಸು ಕೋವಿಯವರ ಗುರಿ ಸ್ಪರ್ಧೆ ಇತ್ತು. ಗುಡ್ಡದ ಬುಡದಲ್ಲಿ ಕಟ್ಟಿದ ಕಾಗದದ ಗುರಿ, ಪ್ರತಿಯೊಬ್ಬರಿಗೂ ಐದು ಗುಂಡು. ಬಲ್ಲಾಳರು ಹಿಂದಿನ ಆರು ಸ್ಪರ್ಧೆಯಲ್ಲೂ ಕೊನೆಯವರಾಗಿದ್ದರು. ಅವರಿಗೆ ಐದು ತೋಟೆ ಒಟ್ಟಿಗೆ ಸಿಕ್ಕಿದರೆ ತಡೆಯುತ್ತಿರಲಿಲ್ಲ. ಬೆಲ್ಲ ಸಿಕ್ಕಿದ ಮಕ್ಕಳ ಹಾಗೆ ಒಂದರ ಹಿಂದೊಂದು ಮುಗಿಸಿಬಿಡುವರು. ಆ ದಿನ ಸುನಂದಮ್ಮ, ಧಣಿ, ನಾನು ಹಗ್ಗದ ಹಿಂದೆ ನಿಂತು ನೋಡುತ್ತಿದ್ದೆವು. ಬಲ್ಲಾಳರು ಚಾಪೆಯ ಮೇಲೆ ಬೋರಲು ಮಲಗಿದರು. ಬೋಲ್ಟು ಹಿಂದಕ್ಕೆ ಎಳೆದರು. ಮ್ಯಾಗಝಿನ್ ಕೆಳಗೆ ಬಿತ್ತು. ಎತ್ತಿ ಹಾಕಿದರು. ಮತ್ತೆ ಬಿತ್ತು. ಮೂರನೆಯ ಸಲ ಅದು ಉರುಳಿ ಪಕ್ಕದ ಸ್ಪರ್ಧಿಯ ಮೂಗಿನ ಹತ್ತಿರ ಹೋಗಿ ನಿಂತಿತು.

ಜನ ನಗಲು ಶುರುಮಾಡಿದರು. ಬಲ್ಲಾಳರು ತಿರುಗಿ ನನ್ನನ್ನು ನೋಡಿದ ನೋಟ ಇನ್ನೂ ನೆನಪುಂಟು. ಕೋಪ ಇರಲಿಲ್ಲ ಅದರಲ್ಲಿ. ಲೆಕ್ಕ ತಪ್ಪಿದ ವಿದ್ಯಾರ್ಥಿಯನ್ನು ಮೇಷ್ಟ್ರು ನೋಡುವ ಬೇಸರ. ನಾನು ಮರ್ಯಾದೆ ಬಿಟ್ಟು ಕೂಗಿದೆ, “ಅದು ಬೇಡ ಸ್ವಾಮೀ! ಕೈಯಲ್ಲೇ ಒಂದೊಂದು ಹಾಕಿ!”

ಸ್ಪರ್ಧೆ ನಡೆಸುವವರು ಆಗಬಹುದೆಂದು ತಲೆಯಾಡಿಸಿದರು. ಬಲ್ಲಾಳರು ಬೋಲ್ಟು ಎಳೆದು, ಒಂದು ತೋಟೆಯನ್ನು ಬೆರಳಿನಿಂದ ಗೂಡಿಗೆ ತಳ್ಳಿ, ಮುಚ್ಚಿ, ಹೊಡೆದರು. ಮತ್ತೆ ತೆರೆದು, ಖಾಲಿ ಗೂಡು ನೋಡಿ, ಇನ್ನೊಂದು. ನಡುವೆ ಉಸಿರು ತೆಗೆದುಕೊಳ್ಳಲೇಬೇಕಾಯಿತು, ಬೇರೆ ದಾರಿ ಇರಲಿಲ್ಲ. ಉಳಿದವರೆಲ್ಲ ಮುಗಿಸಿ ಎದ್ದು ಮಣ್ಣು ಕೊಡವಿಕೊಂಡಿದ್ದರು. ಇವರು ಇನ್ನೂ ನಾಲ್ಕನೆಯದರಲ್ಲಿದ್ದರು. ಐದೂ ಮುಗಿದು ಗುರಿಯ ಕಾಗದ ತಂದು ನೋಡುವಾಗ ಬಲ್ಲಾಳರು ಎರಡನೆಯವರು. ಬಹುಮಾನ ಒಂದು ಬಾಳೆಗೊನೆ. ಅದನ್ನು ಬೇರೆಯವರಿಗೆ ಮುಟ್ಟಲು ಬಿಡದೆ ಹೆಗಲ ಮೇಲಿಟ್ಟುಕೊಂಡು ಬಸ್‌ಸ್ಟ್ಯಾಂಡಿನವರೆಗೆ ನಡೆದರು.

ಮ್ಯಾಗಝಿನ್ ಹೋಗುವ ತೂತಿಗೆ ಧೂಳು ಬೀಳದಂತೆ ಒಂದು ಮುಚ್ಚಳ ಬೇಕೆಂದು ಅವರು ಹೇಳಿದ್ದರು. ಮುಂದಿನ ವಾರ ನಾನು ಹಲಸಿನ ಮರದ ತುಂಡೊಂದನ್ನು ಕೆತ್ತಿಕೊಂಡು ಅವರ ಮನೆಗೆ ಹೋದೆ. ಕೂರಿಸಿ ನೋಡಿದೆ, ಸರಿಯಾಯಿತು. ಹಿತ್ತಿಲಲ್ಲಿ ಐದು ಗೆರಟೆ ಸಾಲಾಗಿ ಇಟ್ಟಿದ್ದರು. ಬಲ್ಲಾಳರು ಒಂದೊಂದೇ ತೋಟೆ ಹಾಕಿ ಮೂರಕ್ಕೆ ತಾಗಿಸಿದರು, ಒಂದು ತಪ್ಪಿತು. ಸುನಂದಮ್ಮ ಸೆರಗಿನಲ್ಲಿ ಕೈ ಒರೆಸುತ್ತ ಹೊರಗೆ ಬಂದರು. ಊಟಕ್ಕೆ ಕರೆಯುತ್ತಾರೆಂದು ನಾವು ತಿಳಿದೆವು.

“ಇಲ್ಲಿ ಕೊಡಿ ಒಮ್ಮೆ,” ಎಂದರು.

ಬಲ್ಲಾಳರು ನನ್ನ ಮುಖ ನೋಡಿದರು. ನಾನು ಗೆರಟೆಯ ಕಡೆ ನೋಡಿದೆ. ಅವರು ಕೊಟ್ಟು ಪಕ್ಕದಲ್ಲೇ ನಿಂತರು. ಸುನಂದಮ್ಮ ಕನ್ನಡಕ ಏರಿಸಿಕೊಂಡು ಬೋಲ್ಟು ಎಳೆದರು. ಗೂಡಿನೊಳಗೆ ನೋಡಿದರು. ಕಿರುಬೆರಳು ಹಾಕಿ ಮುಟ್ಟಿದರು. ಉಳಿದಿದ್ದ ಒಂದು ತೋಟೆಯನ್ನು ಇಟ್ಟು, ಮುಚ್ಚಿ, ಬಹಳ ಹೊತ್ತು ಕದಲದೆ ನಿಂತರು. ಹೊಡೆದರು. ಕೊನೆಯ ಗೆರಟೆ ಎರಡು ಹೋಳಾಗಿ ದರೆಯಿಂದ ಉರುಳಿ ಬಂತು.

“ಗಾಳಿ ನಿಂತಿತ್ತು,” ಎಂದರು ಬಲ್ಲಾಳರು.

ಸುನಂದಮ್ಮ ಮತ್ತೆ ಬೋಲ್ಟು ತೆರೆದು, ಮತ್ತೆ ಬೆರಳು ಹಾಕಿ ನೋಡಿ, ಕೋವಿಯನ್ನು ಗಂಡನ ಕೈಗೆ ಕೊಟ್ಟರು.

“ನಾಳೆಯಿಂದ ನನಗೂ ಎರಡು ಗೆರಟೆ ಇಡಿ,” ಎಂದರು. “ಈಗ ಕೈ ತೊಳ್ಕೊಳ್ಳಿ. ಶೀನಾಚಾರಿ, ನೀನೂ ಊಟಕ್ಕೆ ಬಾ.”